ಹಿತ್ತಲಿಲ್ಲದ ಮನೆಗೆ ಒಂದು ಒಗೆತದ ಕೋಣೆ

ಬೆಂಗಳೂರಿನ ವಿಜಯನಗರದಲ್ಲಿ 30×40 ಅಡಿಯ ನಿವೇಶನದ ಮೇಲೆ ನಿಂತಿರುವ ನಮ್ಮ ಮನೆಯ ಮೊದಲ ಮಹಡಿಯಲ್ಲಿ, ಅಡುಗೆಮನೆಯ ಹಿಂಬದಿಗೆ, 9 ಅಡಿ ಉದ್ದ ಮತ್ತು ನಾಲ್ಕೂವರೆ ಅಡಿ ಅಗಲದ ಯುಟಿಲಿಟಿ ಇದೆ. ಹಿತ್ತಲಿರುವ ಮನೆಗಳಲ್ಲಿ ಬಾವಿಕಟ್ಟೆ, ಬಚ್ಚಲು, ಅಂಗಳ ಎಂದು ಹಂಚಿಕೊಂಡು ನಡೆಯುವ ಕೆಲಸಗಳೆಲ್ಲ ಇಲ್ಲಿ ಒಂದೇ ಇಕ್ಕಟ್ಟಿನಲ್ಲಿ ನಡೆಯಬೇಕು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಒಣಗಿಸುವುದು, ಪೊರಕೆ ಮತ್ತು ಬಕೆಟ್ಟುಗಳನ್ನು ಇಡುವುದು, ಗ್ಯಾಸ್ ಸಿಲಿಂಡರ್ ನಿಲ್ಲಿಸುವುದು ಎಲ್ಲವೂ ಅಲ್ಲೇ. ಮನೆ ಕಟ್ಟಿದ ಕಾಲದಲ್ಲಿ ಹಾಕಿಸಿದ ಒಗೆಯುವ ಕಲ್ಲು ಒಂದು ಮೂಲೆಯನ್ನು ಹಿಡಿದಿತ್ತು. ಅದರ ಪಕ್ಕದಲ್ಲಿ ಎರಡು ತೊಟ್ಟಿಯ ಹಳೆಯ ಸೆಮಿ ಆಟೊಮ್ಯಾಟಿಕ್ ಯಂತ್ರವಿತ್ತು. ಅದರ ನೀರು ಹೊರಹೋಗುವ ಪೈಪನ್ನು ಪ್ರತಿ ಸಲವೂ ಕೈಯಿಂದ ಕೆಳಗಿಳಿಸಿ ನೆಲದ ಮೇಲೆ ಬಿಡಬೇಕಾಗಿತ್ತು.

ಇದನ್ನು ಬದಲಿಸಲೇಬೇಕೆಂಬ ಒತ್ತಡ ಎರಡು ಕಡೆಯಿಂದ ಬಂತು. ಕೆಳಗಿನ ಮನೆಯಲ್ಲಿ ಬಾಡಿಗೆಗಿರುವವರ ಅಡುಗೆಮನೆಯ ಚಾವಣಿಯಲ್ಲಿ ತೇವದ ಕಲೆ ಕಾಣಿಸಿಕೊಂಡು, ಬಣ್ಣ ಹಪ್ಪಳೆಯೆದ್ದು ಉದುರತೊಡಗಿತು. ಅದೇ ಹೊತ್ತಿಗೆ ಮಂಡಿನೋವಿನಿಂದಾಗಿ ಅತ್ತೆಯವರಿಗೆ ಕುಳಿತು ಒಗೆಯುವುದು ಸಾಧ್ಯವಾಗದೆ ಹೋಯಿತು. ಅವರ ಮಡಿ ಸೀರೆಯನ್ನು ಯಂತ್ರಕ್ಕೆ ಹಾಕುವ ಮಾತೇ ಇಲ್ಲವಾದ್ದರಿಂದ, ಹೊಸ ಯಂತ್ರ ತಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವಂತೆಯೂ ಇರಲಿಲ್ಲ.

ಮೊದಲು ಒಳಾಂಗಣ ವಿನ್ಯಾಸದ ಒಂದು ಸಂಸ್ಥೆಯವರನ್ನು ಕರೆಸಿದೆವು. ಅವರು ಕಂಪ್ಯೂಟರಿನಲ್ಲಿ ಬಿಡಿಸಿ ತಂದ ಚಿತ್ರ ನೋಡಲು ಬಹಳ ಸೊಗಸಾಗಿತ್ತು. ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಬಿಳಿಯ ಯಂತ್ರ, ಅದರ ಮೇಲೆ ತಿಳಿಬೂದು ಬಣ್ಣದ ಕಪಾಟುಗಳು, ಒಂದು ಬೆತ್ತದ ಬುಟ್ಟಿ, ಕಿಟಕಿಯ ಹತ್ತಿರ ಹಸಿರು ಗಿಡ. ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಕೇಳಿದಾಗ, ಅದನ್ನು ಪ್ಲಂಬರ್ ನೋಡಿಕೊಳ್ಳುತ್ತಾರೆ ಎಂಬ ಉತ್ತರ ಬಂತು. ಒದ್ದೆ ಬಟ್ಟೆ ತೂಗುವ ಜಾಗ ಆ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಒಗೆತದ ಕೋಣೆಯಲ್ಲಿ ಒಗೆಯುವ ಕೆಲಸವನ್ನು ಯಂತ್ರ ಮಾಡಿಕೊಳ್ಳುತ್ತದೆ. ನೀರು ಹೊರಹೋಗುವುದು ಮತ್ತು ಬಟ್ಟೆ ಒಣಗುವುದು ಮಾತ್ರ ಮನೆಯವರ ತಲೆಯ ಮೇಲೆ ಉಳಿಯುವ ಕೆಲಸಗಳು, ಯೋಜನೆ ಅವೆರಡರಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ಆ ಚಿತ್ರವನ್ನು ಬದಿಗಿಟ್ಟು, ಚೌಕಳಿ ಹಾಳೆಯ ಮೇಲೆ ನಾನೇ ನಕ್ಷೆ ಬರೆಯಲು ಕುಳಿತೆ. ಬಹುಕಾಲದಿಂದ ಪರಿಚಯವಿದ್ದ ಗಾರೆ ಮೇಸ್ತ್ರಿಯೂ ಅವರ ಜೊತೆಯ ಪ್ಲಂಬರೂ ಅದನ್ನು ತಿದ್ದುತ್ತಾ ಹೋದರು.

ನಕ್ಷೆಯಲ್ಲಿ ನಾನು ಮೊದಲು ಗುರುತಿಸಿದ್ದು ನೀರು ಹೋಗುವ ಮೂಲೆಯನ್ನು. ಅಡುಗೆಮನೆಯ ಬಾಗಿಲಿಗೆ ಎದುರಾಗಿ, ಉದ್ದದ ಕೊನೆಯಲ್ಲಿರುವ ಗೋಡೆಯ ಬಲಮೂಲೆಯಲ್ಲಿ, ನೆಲದ ನೀರು ಜಾಲರಿಯ ಮೂಲಕ ಇಳಿದುಹೋಗುವ ನಹಾನಿ ಟ್ರ್ಯಾಪ್ ಇದೆ. ಅಲ್ಲಿಂದ ಗೋಡೆಯನ್ನು ದಾಟಿದ ಪೈಪು ಹೊರಗಿನ ದೊಡ್ಡ ಪೈಪನ್ನು ಸೇರಿ ಕೆಳಗಿನ ಚರಂಡಿಯ ಚೇಂಬರಿಗೆ ಇಳಿಯುತ್ತದೆ. ಯಂತ್ರವನ್ನು ಬಾಗಿಲ ಬಳಿ ಇಟ್ಟರೆ ಅದು ಹೊರಹಾಕುವ ನೀರು 9 ಅಡಿ ಉದ್ದಕ್ಕೂ ನೆಲದ ಮೇಲೆ ಅಥವಾ ನೆಲದೊಳಗೆ ಹೂತ ಪೈಪಿನಲ್ಲಿ ಹರಿಯಬೇಕು, ಪೈಪು ಉದ್ದವಾದಷ್ಟೂ ನೊರೆ ಮತ್ತು ನೂಲಿನ ಎಳೆಗಳು ಕಟ್ಟಿಕೊಳ್ಳುವ ಜಾಗವೂ ಹೆಚ್ಚುತ್ತದೆ. ಆದ್ದರಿಂದ ನೀರು ಬಳಸುವ ವಸ್ತುಗಳೆಲ್ಲ ಆ ಕೊನೆಗೆ ಹೋಗಬೇಕು, ಒಣಗಿರಬೇಕಾದ ವಸ್ತುಗಳು ಬಾಗಿಲ ಕಡೆಗೆ ಬರಬೇಕು ಎಂದು ತೀರ್ಮಾನಿಸಿದೆವು. ಇದೊಂದು ತೀರ್ಮಾನವಾದ ಮೇಲೆ ಉಳಿದ ಅರ್ಧ ನಕ್ಷೆ ತಾನಾಗಿಯೇ ಕೂಡಿಕೊಂಡಿತು.

ಪೂರ್ಣ ಸ್ವಯಂಚಾಲಿತ ಯಂತ್ರ ನೀರನ್ನು ಪಂಪಿನ ಬಲದಿಂದ ರಭಸವಾಗಿ ಹೊರದೂಡುತ್ತದೆ. ಕೈಯಲ್ಲಿ ಬಕೆಟ್ಟು ಬಗ್ಗಿಸಿ ಸುರಿದ ನೀರಿಗೆ ಸಾಕಾಗುತ್ತಿದ್ದ ಹಳೆಯ ಸಣ್ಣ ಜಾಲರಿ, ನೊರೆ ತುಂಬಿದ ಆ ಪ್ರವಾಹವನ್ನು ತಡೆದುಕೊಳ್ಳುವುದಿಲ್ಲ. ಅದಕ್ಕಾಗಿ ಯಂತ್ರಕ್ಕೆಂದೇ ಗೋಡೆಯ ಪಕ್ಕದಲ್ಲಿ ಒಂದು ನಿಲುಪೈಪನ್ನು ಬರೆದೆವು. ಮುಂಬಾಗಿಲಿನ (ಫ್ರಂಟ್ ಲೋಡ್) ಯಂತ್ರಗಳ ಕೈಪಿಡಿಗಳು ಹೊರಹರಿವಿನ ಪೈಪಿನ ತುದಿ ಸಾಮಾನ್ಯವಾಗಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕೆಂದು ಹೇಳುತ್ತವೆ. ತುದಿಯನ್ನು ನೆಲದ ಮೇಲೆ ಬಿಟ್ಟರೆ ಯಂತ್ರಕ್ಕೆ ತುಂಬುತ್ತಿರುವ ನೀರು ತಾನಾಗಿಯೇ ಸೆಳೆದುಕೊಂಡು ಹೊರಗೆ ಹರಿಯತೊಡಗುತ್ತದೆ. ಆಗ ಯಂತ್ರ ತುಂಬುತ್ತಲೇ ಇರುತ್ತದೆ, ಖಾಲಿಯಾಗುತ್ತಲೇ ಇರುತ್ತದೆ. ನಿಲುಪೈಪಿನ ಬಾಯನ್ನು ರಬ್ಬರಿನಿಂದ ಬಿಗಿದು ಮುಚ್ಚಿದರೂ ಇದೇ ತೊಂದರೆ, ಏಕೆಂದರೆ ಸೆಳೆತವನ್ನು ಮುರಿಯಲು ಅಲ್ಲಿ ಗಾಳಿ ಆಡಬೇಕು. ಟ್ರ್ಯಾಪಿನೊಳಗೆ ಸದಾ ನಿಂತಿರುವ ಸುಮಾರು 50 ಮಿಲಿಮೀಟರ್ ನೀರೇ ಚೇಂಬರಿನ ವಾಸನೆಯನ್ನೂ ಜಿರಳೆಗಳನ್ನೂ ತಡೆಯುವ ಬಾಗಿಲು, ಹಾಗಾಗಿ ನಿಲುಪೈಪಿನ ನೀರು ಕೂಡ ಆ ಟ್ರ್ಯಾಪಿನ ಮೂಲಕವೇ ಹೋಗುವಂತೆ ನೋಡಿಕೊಂಡೆವು.

ಇದರ ಜೊತೆಗೆ ಒಂದು ಕವಲನ್ನೂ ಬರೆದಿದ್ದೇವೆ. ಮುಂಬಾಗಿಲಿನ ಯಂತ್ರ ಒಂದು ಸಲದ ಒಗೆತಕ್ಕೆ ಸಾಮಾನ್ಯವಾಗಿ 50ರಿಂದ 70 ಲೀಟರ್ ನೀರು ಬಳಸುತ್ತದೆ. 1974ರಲ್ಲಿ ಮೊದಲ ಬಾರಿಗೆ ನಗರವನ್ನು ತಲುಪಿದ ಕಾವೇರಿ ನೀರು ಇಂದಿಗೂ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಮೂಲಕ ಮೇಲೇರಿ ಬರುತ್ತಿದೆ. ಅಷ್ಟು ದೂರ ಬಂದ ನೀರು ಒಂದೇ ಸಲ ಬಟ್ಟೆ ಮುಟ್ಟಿ ಚರಂಡಿ ಸೇರುವುದು ನನಗೆ ಒಪ್ಪಿಗೆಯಾಗಲಿಲ್ಲ. ಸಾಬೂನಿನ ಮೊದಲ ನೀರು ಗಿಡಗಳಿಗೆ ಹಿತವಲ್ಲ. ಪುಡಿಯಲ್ಲಿರುವ ಸೋಡಾದ ಅಂಶ ಮಣ್ಣಿನಲ್ಲಿ ಸೇರಿಕೊಂಡು ಅದನ್ನು ಕೆಡಿಸುತ್ತದೆ. ಆದರೆ ಕೊನೆಯ ಜಾಲಾಡಿಕೆಯ ನೀರು ಮುಂದಿನ ಪೋರ್ಟಿಕೊ ಮತ್ತು ಮೆಟ್ಟಿಲು ತೊಳೆಯಲು ಧಾರಾಳವಾಗಿ ಸಾಕು. ನಿಲುಪೈಪಿನ ಪಕ್ಕದಿಂದ ಕೆಳಗಿನ ಡ್ರಮ್ಮಿಗೆ ಇಳಿಯುವ ಇನ್ನೊಂದು ಪೈಪು ಹಾಕಿಸಿ, ಬೇಕೆಂದಾಗ ಯಂತ್ರದ ಪೈಪಿನ ತುದಿಯನ್ನು ಅದರೊಳಗೆ ಸಿಕ್ಕಿಸುವ ವ್ಯವಸ್ಥೆ ಇದು. ಯಜಮಾನರು ಇದನ್ನು ಎಷ್ಟು ದಿನ ಪಾಲಿಸುತ್ತೀ ನೋಡೋಣ ಎಂದು ನಕ್ಕಿದ್ದಾರೆ.

ಆಮೇಲೆ ಬಂದದ್ದು ಮಟ್ಟಗಳ ಪ್ರಶ್ನೆ. ಮೇಸ್ತ್ರಿಯವರ ಮೊದಲ ಸಲಹೆ ಸರಳವಾಗಿತ್ತು: "ಮೇಡಂ, ಹಳೇ ನೆಲದ ಮೇಲೇ ಟೈಲ್ಸ್ ಕೂರಿಸಿಬಿಟ್ರೆ ಒಡೆಯೋ ಖರ್ಚು ಉಳೀತದೆ." ಟೇಪು ಹಿಡಿದು ಅಳೆದಾಗ ಅದು ಆಗದ ಮಾತೆಂದು ಅವರಿಗೂ ತಿಳಿಯಿತು. ನೆಲಕ್ಕೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟರೂ 9 ಅಡಿ ಉದ್ದದಲ್ಲಿ ಬಾಗಿಲ ಕಡೆಯ ನೆಲ ಟ್ರ್ಯಾಪಿಗಿಂತ ಒಂದು ಇಂಚಿಗೂ ತುಸು ಹೆಚ್ಚು ಎತ್ತರವಾಗುತ್ತದೆ. ಅದರ ಮೇಲೆ ಟೈಲ್ಸ್ ಮತ್ತು ಗಾರೆಯ ದಪ್ಪ ಸೇರಿದರೆ ಯುಟಿಲಿಟಿಯ ನೆಲ ಅಡುಗೆಮನೆಯ ನೆಲಕ್ಕೆ ಸಮನಾಗುತ್ತದೆ. ಟ್ರ್ಯಾಪ್ ಕಟ್ಟಿಕೊಂಡ ದಿನ ನೀರು ನೇರವಾಗಿ ಒಲೆಯ ಕೆಳಗೆ ಬರುತ್ತದೆ. ಹಾಗಾಗಿ ಹಳೆಯ ಮೊಸಾಯಿಕ್ ನೆಲವನ್ನೂ ಅದರ ಕೆಳಗಿನ ಗಾರೆಯನ್ನೂ ಕಾಂಕ್ರೀಟು ಕಾಣುವ ತನಕ ಒಡೆದು ತೆಗೆಯುವುದು, ಬಾಗಿಲಲ್ಲಿ ಒಂದೂವರೆ ಇಂಚು ತಗ್ಗು ಉಳಿಯುವಂತೆ ಹೊಸ ನೆಲ ಹಾಕುವುದು ಎಂದಾಯಿತು. ಒಡೆಯುವಾಗ ಕೆಳಗಿನ ಮನೆಯವರಿಗೆ ಆಗುವ ಸದ್ದಿನ ತೊಂದರೆಯನ್ನು ಮೊದಲೇ ಹೇಳಿ ಒಪ್ಪಿಸಿದೆವು. ಅವರ ಚಾವಣಿಯ ಕಲೆಗೂ ಇದೇ ಪರಿಹಾರವಾದ್ದರಿಂದ ಅವರು ಹೆಚ್ಚು ಮಾತನಾಡಲಿಲ್ಲ.

ನೆಲ ಇಳಿಜಾರಾಗಿರಬೇಕು, ಆದರೆ ಯಂತ್ರ ರಸಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ಹಿಂಡುವ ಹಂತದಲ್ಲಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ, ಸುಮಾರು 70 ಕಿಲೋ ತೂಗುವ ಯಂತ್ರ ಇಳಿಜಾರಿನ ಮೇಲೆ ನಿಂತರೆ ಅಲುಗಿ ಅಲುಗಿ ಜರುಗುತ್ತದೆ. ಅದರ ಕಾಲುಗಳ ತಿರುಪು ಸ್ವಲ್ಪ ಮಟ್ಟಿಗೆ ಮಾತ್ರ ಸರಿಪಡಿಸಬಲ್ಲದು. ಇದಕ್ಕೆ ಐದು ಇಂಚು ಎತ್ತರದ, ಮೇಲ್ಮೈ ಸಮತಟ್ಟಾದ ಕಾಂಕ್ರೀಟ್ ಕಟ್ಟೆಯನ್ನು ಎಡಮೂಲೆಯಲ್ಲಿ ಬರೆದೆವು. ನೆಲ ತೊಳೆದ ನೀರು ಯಂತ್ರದ ಬುಡಕ್ಕೆ ತಾಗುವುದಿಲ್ಲ, ಬಟ್ಟೆ ತೆಗೆಯುವಾಗ ಅಷ್ಟು ಬಗ್ಗುವುದೂ ತಪ್ಪುತ್ತದೆ. ಎಡಮೂಲೆಯನ್ನೇ ಆರಿಸಲು ಕಾರಣ ಯಂತ್ರದ ಬಾಗಿಲು. ಮುಂಬಾಗಿಲಿನ ಬಹುಪಾಲು ಯಂತ್ರಗಳ ಕೀಲು ಎಡಗಡೆಗಿರುತ್ತದೆ, ತೆರೆದ ಬಾಗಿಲು ಗೋಡೆಗೆ ಒರಗಿ ನಿಂತರೆ ಓಡಾಟಕ್ಕೆ ಅಡ್ಡಿಯಾಗುವುದಿಲ್ಲ. ಅಗಲ, ಆಳ ಎರಡೂ 60 ಸೆಂಟಿಮೀಟರ್ ಎಂದು ಅಂಗಡಿಯ ಚೀಟಿಯಲ್ಲಿ ಬರೆದಿದ್ದರೂ ಹಿಂದೆ ಪೈಪುಗಳು ಮಡಿಚಿಕೊಳ್ಳದಿರಲು ಇನ್ನೂ 10 ಸೆಂಟಿಮೀಟರ್ ಬೇಕಾಗುತ್ತದೆ. ಯಂತ್ರವನ್ನು ಉದ್ದದ ಗೋಡೆಗೆ ಬೆನ್ನು ಮಾಡಿ ಇಟ್ಟಿದ್ದರೆ ನಾಲ್ಕೂವರೆ ಅಡಿ ಅಗಲದಲ್ಲಿ ಅದರ ಮುಂದೆ ಒಬ್ಬರು ಕುಕ್ಕರಗಾಲಿನಲ್ಲಿ ಕೂರುವುದೂ ಕಷ್ಟವಾಗುತ್ತಿತ್ತು.

ಮೊದಲ ಮಹಡಿಯಲ್ಲಿರುವವರು ತಪ್ಪದೆ ಲೆಕ್ಕ ಹಾಕಬೇಕಾದದ್ದು ನೀರಿನ ಒತ್ತಡವನ್ನು. ಅನೇಕ ಯಂತ್ರಗಳು ಕನಿಷ್ಠ 0.3 ಬಾರ್ ಒತ್ತಡವನ್ನು ಕೇಳುತ್ತವೆ. ನೀರಿನ ಪ್ರತಿ ಒಂದು ಮೀಟರ್ ಎತ್ತರ ಸುಮಾರು 0.1 ಬಾರ್ ಕೊಡುತ್ತದೆ. ನಮ್ಮ ಟ್ಯಾಂಕಿನ ತಳದಿಂದ ಯಂತ್ರದ ನಲ್ಲಿಯವರೆಗಿನ ಎತ್ತರ ಮೂರು ಮೀಟರಿಗೆ ಸ್ವಲ್ಪ ಮೇಲಿದೆ, ಅಂದರೆ ಕಾಗದದ ಮೇಲೆ ಅಂಚಿನಲ್ಲಿ ಪಾಸು. ಆದರೆ ಅರ್ಧ ಇಂಚಿನ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಒಳಗೆ ತುಕ್ಕು ಮತ್ತು ಸುಣ್ಣ ಕಟ್ಟಿಕೊಂಡಿದ್ದು, ಬಚ್ಚಲುಮನೆಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ ಇಲ್ಲಿ ನೀರು ಸೊರಗುತ್ತದೆ. ಒತ್ತಡ ಹೆಚ್ಚಿಸುವ ಪಂಪನ್ನು ಕೂಡಲೇ ಕೂರಿಸಿಬಿಡಿ ಎಂದು ಅಂಗಡಿಯವರು ಹೇಳಿದರು. ನಾವು ಅದಕ್ಕಿಂತ ಮೊದಲು ಟ್ಯಾಂಕಿನಿಂದ ಯುಟಿಲಿಟಿಗೆಂದೇ ಪ್ರತ್ಯೇಕವಾಗಿ ಒಂದು ಇಂಚಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಇಳಿಸಿ, ಯಂತ್ರದ ಬಳಿ ಮಾತ್ರ ಅದನ್ನು ಮುಕ್ಕಾಲು ಇಂಚಿಗೆ ತಗ್ಗಿಸುವುದನ್ನು ಆರಿಸಿಕೊಂಡೆವು. ಮುಂದೆ ಬೇಕಾದರೆ ಪಂಪು ಸೇರಿಸಲು ತಾರಸಿಯಲ್ಲಿ ಒಂದು ಪಾಯಿಂಟು ಬಿಟ್ಟಿದ್ದೇವೆ. ಮಹಡಿಯ ಮನೆಗೆ ಯಂತ್ರ ಕೊಳ್ಳುವವರು ಕೈಪಿಡಿಯ ಒತ್ತಡದ ಸಾಲನ್ನು ಮೊದಲು ಓದಿ, ಬಣ್ಣ ಮತ್ತು ಗುಂಡಿಗಳನ್ನು ಆಮೇಲೆ ನೋಡುವುದು ಒಳ್ಳೆಯದು.

ನೀರಿನ ಗಡಸುತನವೂ ಹೀಗೆಯೇ ಕಣ್ಣಿಗೆ ಬೀಳದ ವಿಷಯ. ನಮ್ಮ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟಾಗ ಲೀಟರಿಗೆ 480 ಮಿಲಿಗ್ರಾಂ ಗಡಸುತನ ಬಂತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 200 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಕುಡಿಯಲು ಸಹಿಸಬಹುದಾದ ಈ ನೀರು ಯಂತ್ರದೊಳಗಿನ ಹೀಟರಿಗೆ ಶತ್ರು, ಏಕೆಂದರೆ ಕಾದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶ ಬೇರ್ಪಟ್ಟು ಬಿಸಿ ಲೋಹದ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ. ಸಾಬೂನು ನೊರೆ ಕೊಡುವುದಿಲ್ಲ, ಬಿಳಿ ಪಂಚೆ ಬೂದುಬಣ್ಣಕ್ಕೆ ತಿರುಗುತ್ತದೆ, ಟವೆಲ್ಲು ಒರಟಾಗುತ್ತದೆ. ಗಡಸು ತೆಗೆಯುವ ಉಪಕರಣವನ್ನೂ ವಿಚಾರಿಸಿದೆವು. ಅದರೊಳಗಿನ ರಾಳದ ಹರಳುಗಳು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಅವುಗಳನ್ನು ಮತ್ತೆ ಚುರುಕಾಗಿಸಲು ಆಗಾಗ ಉಪ್ಪುನೀರು ಹಾಯಿಸಬೇಕು, ಆ ಉಪ್ಪುನೀರನ್ನು ಎಲ್ಲಿಗೆ ಬಿಡುವುದು ಎಂಬುದು ಇನ್ನೊಂದು ತಲೆನೋವು. ಕೊನೆಗೆ ಸಂಪಿನ ಕಾವೇರಿ ನೀರಿಗೆ ಒಂದು ಟ್ಯಾಂಕು, ಕೊಳವೆಬಾವಿಯ ನೀರಿಗೆ ಇನ್ನೊಂದು ಟ್ಯಾಂಕು ಎಂದು ತಾರಸಿಯಲ್ಲೇ ಬೇರ್ಪಡಿಸಿ, ಯಂತ್ರಕ್ಕೆ ಕಾವೇರಿಯನ್ನೂ ನೆಲ ತೊಳೆಯುವ ನಲ್ಲಿಗೆ ಬಾವಿಯ ನೀರನ್ನೂ ಕೊಡುವುದೆಂದು ನಿಶ್ಚಯಿಸಿದೆವು. ಬೇಸಿಗೆಯಲ್ಲಿ ಕಾವೇರಿ ಕೈಕೊಟ್ಟರೆ ಎರಡನ್ನೂ ಜೋಡಿಸುವ ಒಂದು ವಾಲ್ವ್ ಇರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ನೀರು ಕಾಯಿಸುವ ಯಂತ್ರ ಸುಮಾರು 2,000 ವ್ಯಾಟ್ ಎಳೆಯುವುದರಿಂದ ಅದಕ್ಕೆ 16 ಆಂಪಿಯರ್ ಸಾಕೆಟ್, ಬೋರ್ಡಿನಿಂದ ನೇರವಾಗಿ ಬರುವ ಪ್ರತ್ಯೇಕ ತಾಮ್ರದ ತಂತಿ, ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಒದ್ದೆ ಕೈ, ಒದ್ದೆ ನೆಲ, ಲೋಹದ ಪೆಟ್ಟಿಗೆ ಮೂರೂ ಸೇರುವ ಜಾಗದಲ್ಲಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಅವಕಾಶವಿಲ್ಲ. ಗ್ಯಾಸ್ ಸಿಲಿಂಡರ್ ಮಾತ್ರ ಸ್ವಲ್ಪ ಯೋಚಿಸುವಂತೆ ಮಾಡಿತು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಅದನ್ನು ಬಾಗಿಲ ಕಡೆಗೆ, ಟ್ರ್ಯಾಪಿನಿಂದಲೂ ಸಾಕೆಟ್ಟಿನಿಂದಲೂ ದೂರವಿಟ್ಟು, ಅದರ ಪಕ್ಕದ ಹೊರಗೋಡೆಯಲ್ಲಿ ನೆಲದ ಹತ್ತಿರವೇ ಗಾಳಿಯಾಡುವ ಜಾಲಂಧ್ರ ಬಿಡುವಂತೆ ಬರೆದೆವು. ವಿನ್ಯಾಸದವರ ಚಿತ್ರದಲ್ಲಿ ಆ ಜಾಗಕ್ಕೆ ಮುಚ್ಚಿದ ಕಪಾಟು ಬಂದಿತ್ತು.

ಒಗೆಯುವ ಕಲ್ಲನ್ನು ಏನು ಮಾಡುವುದು ಎಂಬುದರ ಮೇಲೆ ಮನೆಯಲ್ಲಿ ನಿಜವಾದ ವಾದ ನಡೆಯಿತು. ಕಲ್ಲು ಬೇಡವೇ ಬೇಡ ಎಂದು ಮಗಳು. ಕಲ್ಲಿಲ್ಲದ ಮನೆಯಲ್ಲಿ ಒಗೆತವೆಂಬುದೇ ಇಲ್ಲ ಎಂದು ಅತ್ತೆ. ನಮ್ಮಲ್ಲಿ ಮನೆಗೆಲಸ ಮಾಡುವ ಅಕ್ಕನನ್ನು ಕೇಳಿದಾಗ ಅವರು ಕೊಟ್ಟ ಉತ್ತರ ಎಲ್ಲರಿಗಿಂತ ಸ್ಪಷ್ಟವಾಗಿತ್ತು: "ಅಮ್ಮಾ, ಕಾಲೊರೆಸೋ ಮ್ಯಾಟು, ಕಾಲರಿನ ಕೊಳೆ, ಮಕ್ಕಳ ಸಾಕ್ಸು, ಇವಕ್ಕೆ ತಿಕ್ಕೋ ಜಾಗ ಬೇಕು. ಆದ್ರೆ ಕೂತು ತಿಕ್ಕೋದು ಬೇಡ, ನಿಂತು ತಿಕ್ಕೋ ಹಂಗೆ ಮಾಡಿಸ್ರಿ." ದಿನವೂ ಅಲ್ಲಿ ನಿಲ್ಲುವವರು ಅವರೇ ಆದ್ದರಿಂದ ಅವರ ಸೊಂಟದ ಎತ್ತರವನ್ನು ಅಳೆದು, ಹೊರಗೋಡೆಯ ಉದ್ದಕ್ಕೆ ನಾಲ್ಕು ಅಡಿಯ ಗ್ರಾನೈಟ್ ಕಟ್ಟೆಯನ್ನು 31 ಇಂಚು ಎತ್ತರದಲ್ಲಿ ಬರೆದೆ. ಅದರ ಒಂದು ಭಾಗದಲ್ಲಿ ಆಳವಾದ ಸ್ಟೀಲ್ ಸಿಂಕು, ಇನ್ನೊಂದು ಭಾಗದಲ್ಲಿ ಸಿಂಕಿನ ಕಡೆಗೆ ವಾಲಿದ, ಪಾಲಿಶ್ ಮಾಡದ ಒರಟು ಮೈಯ ಕಲ್ಲು. 20 ಇಂಚಿನ ಈ ಕಟ್ಟೆ ಹೋಗಿ ಓಡಾಡಲು 34 ಇಂಚು ಉಳಿಯುತ್ತದೆ. ಪಾತ್ರೆಗೆ ಬೇರೆ ಸಿಂಕು ಅಡುಗೆಮನೆಯಲ್ಲೇ ಇರಲಿ, ಇಲ್ಲಿ ಬೇಡ ಎಂದೂ ಅಕ್ಕನೇ ಹೇಳಿದರು. ಸಾರಿನ ಪಾತ್ರೆಯ ಜಿಡ್ಡು ತಾಗಿದ ಸಿಂಕಿನಲ್ಲಿ ಬಿಳಿ ಬಟ್ಟೆ ನೆನೆಹಾಕುವುದನ್ನು ಅವರು ಒಪ್ಪಲಿಲ್ಲ. ಹಳೆಯ ಕಲ್ಲು ತಾರಸಿಗೆ ಹೋಗುತ್ತದೆ. ಕಂಬಳಿ, ಜಮಖಾನೆಗಳನ್ನು ಹೇಗಿದ್ದರೂ ಅಲ್ಲೇ ಒಣಹಾಕುವುದರಿಂದ ಅಲ್ಲೇ ಒಗೆಯುವುದು ಸುಲಭ. ಕೆಳಗಿನ ಮನೆಯವರ ತಲೆಯ ಮೇಲೆ ಬಟ್ಟೆ ಬಡಿಯುವ ಸದ್ದೂ ನಿಲ್ಲುತ್ತದೆ.

ಒಣಗಿಸುವ ವಿಷಯಕ್ಕೆ ನಾನು ಬಹಳ ಸಮಯ ಕೊಟ್ಟೆ. ಬೆಂಗಳೂರಿನಲ್ಲಿ ಜೂನ್, ಜುಲೈಗಿಂತ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲೇ ಮಳೆ ಹೆಚ್ಚು. ಅದೂ ಬಹುಮಟ್ಟಿಗೆ ಮಧ್ಯಾಹ್ನ ಕಳೆದ ಮೇಲೆ, ಬೆಳಗಿನ ಬಿಸಿಲನ್ನು ನಂಬಿ ತಾರಸಿಯಲ್ಲಿ ಬಟ್ಟೆ ಹರವಿ ಕೆಲಸಕ್ಕೆ ಹೋದವರು ಮನೆಗೆ ಬರುವ ಮೊದಲೇ ಸುರಿಯುತ್ತದೆ. ಹೀಗಾಗಿ ತಾರಸಿಯ ಹಗ್ಗವಿದ್ದರೂ ಯುಟಿಲಿಟಿಯಲ್ಲಿ ಒಂದು ಪೂರ್ತಿ ಒಗೆತದ ಬಟ್ಟೆ ಹಿಡಿಸುವ ಜಾಗ ಇರಲೇಬೇಕೆಂದು ನಿಶ್ಚಯಿಸಿದೆ. ಚಾವಣಿಯಿಂದ ರಾಟೆಯ ಹಗ್ಗದಲ್ಲಿ ಇಳಿಸಿ ಏರಿಸುವ ಆರು ಸ್ಟೀಲ್ ಕೊಳವೆಗಳು, ಪ್ರತಿಯೊಂದೂ ಆರು ಅಡಿ ಉದ್ದ, ಬಾಗಿಲ ಕಡೆಯ ಒಣ ಭಾಗದಿಂದ ಆರಂಭವಾಗುತ್ತವೆ. ಚಾವಣಿಗೆ ಬಿಗಿಯುವ ಮೊಳೆಗಳು ಪ್ಲಾಸ್ಟರಿನಲ್ಲಿ ನಿಲ್ಲದೆ ಕಾಂಕ್ರೀಟಿನೊಳಗೆ ಹೋಗಬೇಕೆಂದು ನಕ್ಷೆಯ ಅಂಚಿನಲ್ಲಿ ಕೆಂಪಕ್ಷರದಲ್ಲಿ ಬರೆದಿದ್ದೇನೆ, ಏಕೆಂದರೆ ಒದ್ದೆ ಬೆಡ್‌ಶೀಟುಗಳ ಭಾರ ಕಡಿಮೆಯಲ್ಲ. ಹೊರಗೋಡೆಯ ಮೇಲಿನ ಅರ್ಧವನ್ನು ಗಾಜಿನಿಂದ ಮುಚ್ಚಿಬಿಡುವ ಸಲಹೆಯೂ ಬಂದಿತ್ತು. ಗಾಜು ಮಳೆಯನ್ನು ತಡೆಯುತ್ತದೆ, ಜೊತೆಗೆ ಗಾಳಿಯನ್ನೂ ತಡೆಯುತ್ತದೆ, ಮತ್ತು ಬಟ್ಟೆಯನ್ನು ಒಣಗಿಸುವುದು ಬಿಸಿಲಿಗಿಂತ ಹೆಚ್ಚಾಗಿ ಆಡುವ ಗಾಳಿಯೇ. ಗ್ರಿಲ್ಲನ್ನು ತೆರೆದಂತೆಯೇ ಉಳಿಸಿ, ಹೊರಗೆ ಒಂದೂವರೆ ಅಡಿ ಚಾಚಿದ ಪಾಲಿಕಾರ್ಬೊನೇಟ್ ಶೀಟು ಹಾಕಿಸುವುದು, ಒಳಬದಿಗೆ ಸೊಳ್ಳೆ ಜಾಲರಿ ಬಿಗಿಯುವುದು ಎಂದಾಯಿತು. ಬಟ್ಟೆ ಒಣಗಿಸುವ ಯಂತ್ರ ಸದ್ಯಕ್ಕೆ ಬೇಡ.

ಅತ್ತೆಯವರ ಮಡಿಗೆ ಬೇರೆಯೇ ಒಂದು ಗಳ ಬೇಕಿತ್ತು. ಯಾರ ಮೈಯೂ ತಾಗದಷ್ಟು ಮೇಲೆ, ಕೋಲಿನಿಂದ ಸೀರೆಯನ್ನು ಎತ್ತಿ ಹರವುವಂತೆ, ಬಿದಿರಿನ ಗಳವೊಂದನ್ನು ಗ್ರಿಲ್ಲಿನ ಉದ್ದಕ್ಕೂ ಗೋಡೆಯಿಂದ ಗೋಡೆಗೆ ಕೂರಿಸಲು ಎರಡು ಕೊಕ್ಕೆಗಳನ್ನು ಬರೆದೆ. ರಾಟೆಯ ಕೊಳವೆಗಳು ಮೇಲೇರಿದಾಗ ಅದಕ್ಕೆ ತಾಗಬಾರದು ಎಂಬುದಷ್ಟೇ ಅವರ ಷರತ್ತು. ಆ ಕಾರಣಕ್ಕೆ ಕೊಳವೆಗಳನ್ನು ಒಳಗೋಡೆಯ ಕಡೆಗೆ ಒಂದು ಅಡಿ ಸರಿಸಬೇಕಾಯಿತು, ಸರಿಸಿದ ಮೇಲೆ ಯಂತ್ರದ ಮೇಲಿನ ಕಪಾಟು ನಕ್ಷೆಯಿಂದ ಹೋಯಿತು. ಸಾಬೂನು ಪುಡಿ, ನೀಲಿ, ಗಂಜಿಪುಡಿ, ಕ್ಲಿಪ್ಪುಗಳ ಬುಟ್ಟಿ ಇಡಲು ಒಂದು ಸಣ್ಣ ಕಡಪಾ ಕಲ್ಲಿನ ಹಲಗೆ ಸಾಕಾಯಿತು.

ಕೆಲಸದ ಕ್ರಮವನ್ನು ಮೇಸ್ತ್ರಿಯವರ ಜೊತೆ ಕುಳಿತು ಬರೆದುಕೊಂಡೆವು. ನೆಲ ಒಡೆದ ಮೇಲೆ ಹಳೆಯ ಪೈಪು ಗೋಡೆಯನ್ನು ದಾಟುವ ಜಾಗವನ್ನು ಮೊದಲು ತೆರೆದು ನೋಡಬೇಕು, ಕೆಳಗಿನ ಮನೆಯ ತೇವಕ್ಕೆ ಆ ಸಂದಿಯೇ ಕಾರಣವಿರಬಹುದೆಂದು ಪ್ಲಂಬರ್ ಅಂದಾಜು. ನಂತರ ನೆಲ ಮತ್ತು ಗೋಡೆ ಕೂಡುವ ಕಡೆಯಲ್ಲೆಲ್ಲ ಮೂಲೆ ತುಂಬುವಂತೆ ಗಾರೆಯ ಗೋಲಾ (ಗುಂಡನೆಯ ಅಂಚು) ಕಟ್ಟಿ, ನೀರು ತಡೆಯುವ ಪಾಲಿಮರ್ ಸಿಮೆಂಟ್ ಲೇಪವನ್ನು ನೆಲಕ್ಕೂ ಗೋಡೆಯ ಮೇಲೆ ಒಂದು ಅಡಿಯವರೆಗೂ ಎರಡು ಸಲ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡವಾಗಿ ಬಳಿಯಬೇಕು. ಲೇಪ ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ ಮೂರು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯ ಚಾವಣಿ ನೋಡಿ, ಆಮೇಲೆಯೇ ಟೈಲ್ಸಿಗೆ ಕೈ ಹಾಕಬೇಕು. ಒಂದು ರಾತ್ರಿ ಸಾಕು ಎಂದ ಮೇಸ್ತ್ರಿಯವರು, ಕೂಲಿಯ ಎರಡನೆಯ ಕಂತನ್ನು ಈ ಪರೀಕ್ಷೆ ಮುಗಿದ ಮೇಲೆ ಕೊಡುತ್ತೇವೆ ಎಂದಾಗ ಮೂರು ದಿನಕ್ಕೆ ಒಪ್ಪಿದರು. ಟೈಲ್ಸ್ ಜಾರದಂಥ ಒರಟು ಮೈಯದು, ಒಂದು ಅಡಿಯ ಚೌಕದ್ದು. ದೊಡ್ಡ ಟೈಲ್ಸಿನಲ್ಲಿ ಎರಡು ಕಡೆಗೆ ಇಳಿಜಾರು ತರುವುದು ಕಷ್ಟ.

ಅಂದಾಜು ಪಟ್ಟಿಯಲ್ಲಿ ಯಂತ್ರದ ಬೆಲೆಗಿಂತ ನೆಲ ಮತ್ತು ಪೈಪಿನ ಖರ್ಚೇ ಹೆಚ್ಚಾಗಿದೆ, ಅದನ್ನು ಕಂಡು ಯಜಮಾನರು ಒಮ್ಮೆ ಹುಬ್ಬೇರಿಸಿ ಸುಮ್ಮನಾದರು. ಮಳೆ ಹಿಂದಾದ ಮೇಲೆ, ದೀಪಾವಳಿ ಕಳೆದ ವಾರ ಒಡೆಯುವುದು ಆರಂಭ. ಯಂತ್ರವನ್ನು ಕಟ್ಟೆ ಒಣಗಿದ ಮೇಲೆಯೇ ಕೊಳ್ಳುತ್ತೇವೆ. ಅಲ್ಲಿಯವರೆಗೆ ದಿನದ ಬಟ್ಟೆಯನ್ನು ತಾರಸಿಗೆ ಹೋದ ಹಳೆಯ ಕಲ್ಲಿನ ಮೇಲೆ ಒಗೆಯಬೇಕಾಗುತ್ತದೆ. ಅದಕ್ಕಾಗಿ ತಾರಸಿಯ ನಲ್ಲಿ ಮತ್ತು ಅಲ್ಲಿಂದ ನೀರು ಇಳಿಯುವ ಪೈಪಿನ ಕೆಲಸವನ್ನು ಪಟ್ಟಿಯ ಮೊದಲನೆಯ ಸಾಲಿಗೆ ತಂದಿದ್ದೇವೆ.